ಓದುಗರ ಪ್ರಶ್ನೆ, ನಮ್ಮ ಉತ್ತರ: ಸೂರಿನಡಿಯ ಜಾತ್ರೆ ಐದೇ ವರ್ಷಕ್ಕೆ ಮುಗಿದದ್ದೇಕೆ?

ಪ್ರಶ್ನೆ: ನನ್ನ ಸೋದರಮಾವನವರು ಓದಿಗಾಗಿ ಅಮೆರಿಕದ ಶಿಕಾಗೊಗೆ ಹೋಗಿದ್ದಾಗ, 1976ರಲ್ಲಿ, ಮನೆಗೆ ಕಳುಹಿಸಿದ್ದ ಬಣ್ಣದ ಕಾರ್ಡೊಂದು ಈಚೆಗೆ ಹಳೆಯ ಟ್ರಂಕಿನಲ್ಲಿ ಸಿಕ್ಕಿತು. ದೊಡ್ಡ ಗುಮ್ಮಟವಿರುವ ಕಟ್ಟಡದ ಚಿತ್ರ, ಅದರ ಕೆಳಗೆ ‘ಓಲ್ಡ್ ಶಿಕಾಗೊ’ ಎಂಬ ಹೆಸರು. ಹಿಂಬದಿಯಲ್ಲಿ ಮಾವನವರು ‘ಹೊರಗೆ ಹಿಮ, ಒಳಗೆ ಜಾತ್ರೆ’ ಎಂದಷ್ಟೇ ಬರೆದಿದ್ದಾರೆ. ಅವರು ಈಗ ಇಲ್ಲವಾದ್ದರಿಂದ ಕೇಳಿ ತಿಳಿಯುವಂತಿಲ್ಲ. ಇದು ಯಾವ ಸ್ಥಳ? ಈಗಲೂ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮಾವನವರು ನಾಲ್ಕು ಮಾತಿನಲ್ಲಿ ಬರೆದಿರುವುದಕ್ಕಿಂತ ಚೆನ್ನಾಗಿ ಆ ಸ್ಥಳವನ್ನು ಬಣ್ಣಿಸುವುದು ಕಷ್ಟ. ಓಲ್ಡ್ ಶಿಕಾಗೊ ಎಂಬುದು ಒಂದೇ ಸೂರಿನ ಕೆಳಗೆ ಅಮ್ಯೂಸ್‌ಮೆಂಟ್ ಪಾರ್ಕನ್ನೂ ಶಾಪಿಂಗ್ ಮಾಲನ್ನೂ ಕೂಡಿಸಿ ಕಟ್ಟಿದ್ದ ಕಟ್ಟಡ. ಶಿಕಾಗೊ ನಗರದಿಂದ ನೈಋತ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಇಲಿನಾಯ್ ರಾಜ್ಯದ ಬೋಲಿಂಗ್‌ಬ್ರೂಕ್ ಎಂಬ ಊರಿನಲ್ಲಿ, 55ನೆಯ ಅಂತರರಾಜ್ಯ ಹೆದ್ದಾರಿಯೂ 53ನೆಯ ರಾಜ್ಯ ರಸ್ತೆಯೂ ಕೂಡುವ ಕಡೆ ಅದು ನಿಂತಿತ್ತು. 1975ರ ಜೂನ್ ತಿಂಗಳಲ್ಲಿ ಬಾಗಿಲು ತೆರೆದ ಅದು 1980ರಲ್ಲಿ ಆಟಗಳನ್ನು ನಿಲ್ಲಿಸಿತು. 1986ರಲ್ಲಿ ಕಟ್ಟಡವನ್ನೇ ಕೆಡವಲಾಯಿತು. ಹೀಗಾಗಿ ನಿಮ್ಮ ಕೈಯಲ್ಲಿರುವ ಕಾರ್ಡು ಆ ಸ್ಥಳದ ಅಲ್ಪಾಯುಷ್ಯದ ಎರಡನೆಯ ವರ್ಷದ್ದು. ದಯವಿಟ್ಟು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಅಂಥದ್ದೊಂದು ಕಟ್ಟಡವನ್ನು ಅಲ್ಲಿ, ಆಗ, ಏಕೆ ಕಟ್ಟಿದರು ಎಂಬುದನ್ನು ತಿಳಿಯಲು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. ಶಿಕಾಗೊ ನಗರದ ಉತ್ತರ ಭಾಗದಲ್ಲಿ 1904ರಿಂದ ರಿವರ್‌ವ್ಯೂ ಎಂಬ ಮನರಂಜನಾ ಉದ್ಯಾನವಿತ್ತು. ಮೂರು ತಲೆಮಾರುಗಳು ಅಲ್ಲಿ ಬಾಲ್ಯದ ಬೇಸಿಗೆಗಳನ್ನು ಕಳೆದಿದ್ದವು; ಅದರ ‘ಬಾಬ್ಸ್’ ಎಂಬ ಮರದ ರೋಲರ್ ಕೋಸ್ಟರ್ ದೇಶಕ್ಕೇ ಹೆಸರಾಗಿತ್ತು. 1967ರ ಋತು ಮುಗಿದ ಮೇಲೆ ಆ ಉದ್ಯಾನ ಮತ್ತೆ ತೆರೆಯಲೇ ಇಲ್ಲ. ನಗರದ ನಡುವಿನ ಜಮೀನಿನ ಬೆಲೆ, ಆಟಗಳಿಂದ ಬರುವ ಆದಾಯವನ್ನು ಮೀರಿ ಬೆಳೆದಿತ್ತು. ಅಷ್ಟು ದೊಡ್ಡ ನಗರಕ್ಕೆ ಅಷ್ಟೇ ದೊಡ್ಡ ಆಟದ ಬಯಲು ಇಲ್ಲದಂತಾದ ಆ ಎಂಟು ವರ್ಷಗಳ ಕೊರತೆಯೇ ಓಲ್ಡ್ ಶಿಕಾಗೊ ಹುಟ್ಟಿಗೆ ಮೊದಲ ಕಾರಣವೆನ್ನಬಹುದು.

ಎರಡನೆಯ ಕಾರಣ ಹವಾಮಾನ. ಶಿಕಾಗೊದ ಚಳಿಗಾಲವನ್ನು ಕಾಣದವರಿಗೆ ಅದರ ಬಿಗಿತವನ್ನು ಮಾತಿನಲ್ಲಿ ತಿಳಿಸುವುದು ಸುಲಭವಲ್ಲ. 1967ರ ಜನವರಿ 26 ಮತ್ತು 27ರಂದು ಒಂದೇ ಬಿರುಗಾಳಿಯಲ್ಲಿ ಅಲ್ಲಿ 23 ಅಂಗುಲ, ಎಂದರೆ ಮೊಣಕಾಲಿಗೂ ಮೇಲೆ, ಹಿಮ ಬಿದ್ದಿತ್ತು. ಬಯಲಿನ ಉದ್ಯಾನಗಳು ಅಂಥ ಕಡೆ ಮೇ ತಿಂಗಳಿಂದ ಸೆಪ್ಟೆಂಬರ್ ಅಕ್ಟೋಬರ್‌ವರೆಗೆ ಮಾತ್ರ ನಡೆದು, ವರ್ಷದ ಉಳಿದ ಅರ್ಧವನ್ನು ಬೀಗ ಹಾಕಿಕೊಂಡೇ ಕಳೆಯುತ್ತವೆ. ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಆರು ತಿಂಗಳು ಸುಮ್ಮನೆ ನಿಲ್ಲುವುದನ್ನು ಯಾವ ವ್ಯಾಪಾರಿಯೂ ಸಹಿಸಲಾರ. ಸೂರು ಹಾಕಿಬಿಟ್ಟರೆ ವರ್ಷದ ಹನ್ನೆರಡು ತಿಂಗಳೂ ದುಡಿಮೆ ನಡೆಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಬಹಳ ಸೊಗಸಾಗಿ ಕಂಡಿರಬೇಕು.

ಆ ಸೂರಿನ ವೆಚ್ಚವನ್ನು ಯಾರು ಹೊರಬೇಕು? ಇದಕ್ಕೆ ಉತ್ತರವಾಗಿ ಬಂದದ್ದೇ ಮಾಲ್. ಮಿನೆಸೋಟ ರಾಜ್ಯದ ಈಡೈನ ಎಂಬಲ್ಲಿ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ಅವರು 1956ರಲ್ಲಿ ಕಟ್ಟಿದ ಸೌತ್‌ಡೇಲ್, ಪೂರ್ತಿ ಮುಚ್ಚಿದ, ಒಳಗಿನ ಹವೆಯನ್ನು ವರ್ಷವಿಡೀ ಒಂದೇ ಹದದಲ್ಲಿಡುವ ಮೊದಲ ಶಾಪಿಂಗ್ ಮಾಲ್ ಎನಿಸಿಕೊಂಡಿತ್ತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಂಥ ಮಾಲ್‌ಗಳು ಅಮೆರಿಕದ ಉಪನಗರಗಳನ್ನೆಲ್ಲ ಆವರಿಸಿದವು. ಆಟಕ್ಕೆ ಬಂದವರು ಅಂಗಡಿಗೂ ಹೋಗುತ್ತಾರೆ, ಅಂಗಡಿಗೆ ಬಂದವರ ಮಕ್ಕಳು ಆಟಕ್ಕೂ ಹಟ ಹಿಡಿಯುತ್ತಾರೆ, ಎರಡೂ ಸೇರಿ ಒಂದೇ ಸೂರಿನ ಖರ್ಚನ್ನು ಹಂಚಿಕೊಳ್ಳುತ್ತವೆ: ಓಲ್ಡ್ ಶಿಕಾಗೊವನ್ನು ರೂಪಿಸಿದ ರಾಬರ್ಟ್ ಬ್ರಿಂಡಲ್ ಅವರ ಯೋಜನೆಯ ತಿರುಳು ಇದಾಗಿತ್ತು.

ಕಟ್ಟಡದ ವಿಸ್ತಾರ ಸುಮಾರು 11 ಎಕರೆ. ಹೊರಗಿನಿಂದ ನೋಡಿದರೆ ದೊಡ್ಡ ಉಗ್ರಾಣದಂತೆ ಬೋಳು ಗೋಡೆಗಳು, ನಡುವೆ ಎದ್ದು ನಿಂತ ಗುಮ್ಮಟ. ಆ ಗುಮ್ಮಟ ಕೇವಲ ಅಲಂಕಾರವಾಗಿರಲಿಲ್ಲ. ಎತ್ತರದ ಆಟಗಳು ಕಂಬಗಳ ಅಡ್ಡಿಯಿಲ್ಲದೆ ನಿಲ್ಲಬೇಕಾದರೆ ಅಷ್ಟು ಎತ್ತರದ, ಅಷ್ಟು ಬಿಡುವಾದ ಜಾಗ ಬೇಕೇ ಬೇಕಾಗಿತ್ತು. ಒಳಗೆ ಹೊಕ್ಕವರಿಗೆ ಮೊದಲು ಸಿಗುತ್ತಿದ್ದದ್ದು ಸುತ್ತಲೂ ಹಬ್ಬಿದ ಅಂಗಡಿಬೀದಿ, ಅದನ್ನು ದಾಟಿದರೆ ನಡುಮಧ್ಯದಲ್ಲಿ ಆಟಗಳು. ಇಪ್ಪತ್ತನೆಯ ಶತಮಾನದ ಆರಂಭದ ಶಿಕಾಗೊದ ಬೀದಿಗಳನ್ನು ನೆನಪಿಸುವಂತೆ ಇಡೀ ಒಳಾಂಗಣವನ್ನು ಸಿಂಗರಿಸಿದ್ದರು. ಹೆಸರು ಬಂದದ್ದೂ ಅದರಿಂದಲೇ. ಆಟಗಳ ಸಂಖ್ಯೆ ಮೂವತ್ತರ ಆಸುಪಾಸಿನಲ್ಲಿತ್ತು. ನೀರಿನ ಕಾಲುವೆಯಲ್ಲಿ ಮರದ ದಿಮ್ಮಿಯಾಕಾರದ ದೋಣಿ ಜಾರುವ ಆಟ, ಮಕ್ಕಳ ಸಣ್ಣಪುಟ್ಟ ಆಟಗಳು ಎಲ್ಲವೂ ಇದ್ದವು. ಆದರೆ ಜನರನ್ನು ಸೆಳೆದದ್ದು ‘ಶಿಕಾಗೊ ಲೂಪ್’ ಎಂಬ ಉಕ್ಕಿನ ರೋಲರ್ ಕೋಸ್ಟರ್. ಕುಳಿತವರನ್ನು ಎರಡು ಬಾರಿ ತಲೆಕೆಳಗಾಗಿ ತಿರುಗಿಸುವ ಅಂಥ ಯಂತ್ರ ಆಗ ಜಗತ್ತಿಗೇ ಹೊಸದು. ಅದನ್ನು ಸೂರಿನ ಕೆಳಗೆ ತಂದು ನಿಲ್ಲಿಸಿದ್ದು ನಿಜವಾದ ಸಾಹಸವೆಂದೇ ನನ್ನ ಅಭಿಪ್ರಾಯ.

ಶಿಕಾಗೊದ ಹಳೆಯ ಕಾಲವನ್ನು ಆಟದ ಅಂಗಳಕ್ಕೆ ಹಿನ್ನೆಲೆಯಾಗಿ ಆರಿಸಿಕೊಂಡದ್ದರಲ್ಲಿ ಔಚಿತ್ಯವೂ ಇತ್ತು. ಜೈಂಟ್ ವೀಲ್ ಎಂದು ನಾವು ಕರೆಯುವ ದೊಡ್ಡ ಚಕ್ರವನ್ನು ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ ಮೊದಲು ನಿಲ್ಲಿಸಿದ್ದು ಇದೇ ನಗರದಲ್ಲಿ, 1893ರ ವಿಶ್ವ ಪ್ರದರ್ಶನದಲ್ಲಿ. ಅದರ ಎತ್ತರ 264 ಅಡಿ. 36 ಪೆಟ್ಟಿಗೆಗಳಲ್ಲಿ ಒಟ್ಟಿಗೆ 2160 ಮಂದಿ ಕೂರಬಹುದಾಗಿತ್ತು. ಮೈಸೂರಿನ ಚಾಮರಾಜೇಂದ್ರ ಒಡೆಯರ ನೆರವನ್ನೂ ಪಡೆದು ಸ್ವಾಮಿ ವಿವೇಕಾನಂದರು ಸಮುದ್ರ ದಾಟಿ ಹೋದ ಸರ್ವಧರ್ಮ ಸಮ್ಮೇಳನ ಆ ಪ್ರದರ್ಶನದ ಅಂಗವಾಗಿಯೇ ನಡೆದದ್ದೆಂಬುದನ್ನು ನೆನೆದರೆ, ಕನ್ನಡಿಗರಿಗೆ ಆ ಚಕ್ರ ಅಷ್ಟೇನೂ ದೂರದ್ದಲ್ಲ ಎನಿಸುತ್ತದೆ.

ಇನ್ನು, ಇಷ್ಟೆಲ್ಲ ಇದ್ದೂ ಅದು ಐದೇ ವರ್ಷಕ್ಕೆ ಮುಚ್ಚಿದ್ದೇಕೆ? ಚಳಿನಾಡಿನಲ್ಲಿ ಸೂರಿನಡಿಯ ಆಟದ ಕಲ್ಪನೆಯೇ ತಪ್ಪು ಎಂದು ಕೆಲವರು ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ತಪ್ಪು ನಡೆದದ್ದು ಸೂರಿನಲ್ಲಲ್ಲ, ಸುತ್ತಲಿನ ಅಂಗಡಿಗಳಲ್ಲಿ.

ಅಮೆರಿಕದ ಮಾಲ್ ನಿಲ್ಲುವುದು ಅದರ ತುದಿಗಳಲ್ಲಿರುವ ದೊಡ್ಡ ಮಳಿಗೆಗಳ ಬಲದಿಂದ. ಬಟ್ಟೆ, ಪಾತ್ರೆ, ಪೀಠೋಪಕರಣ, ಮಕ್ಕಳ ಶಾಲೆಯ ಸಾಮಾನು ಎಲ್ಲವೂ ಒಂದೇ ಕಡೆ ಸಿಗುವ ಅಂಥ ಮಳಿಗೆಗೆ ಒಂದು ಸಂಸಾರ ತಿಂಗಳಿಗೆ ಹಲವು ಬಾರಿ ಬಂದೇ ಬರುತ್ತದೆ. ಅಲ್ಲಿಗೆ ಬಂದವರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಾಗ ನಡುವಿನ ಚಿಕ್ಕ ಅಂಗಡಿಗಳಿಗೂ ವ್ಯಾಪಾರವಾಗುತ್ತದೆ. ಶಿಕಾಗೊದ ಇನ್ನೊಂದು ಉಪನಗರವಾದ ಷಾಂಬರ್ಗ್‌ನಲ್ಲಿ 1971ರಲ್ಲಿ ತೆರೆದ ವುಡ್‌ಫೀಲ್ಡ್ ಮಾಲ್‌ನಲ್ಲಿ ಸಿಯರ್ಸ್, ಜೆ. ಸಿ. ಪೆನ್ನಿ, ಮಾರ್ಷಲ್ ಫೀಲ್ಡ್ ಎಂಬ ಮೂರು ದೊಡ್ಡ ಮಳಿಗೆಗಳಿದ್ದವು. ಓಲ್ಡ್ ಶಿಕಾಗೊದಲ್ಲಿ ಇಂಥ ಒಂದು ಮಳಿಗೆಯೂ ಇರಲಿಲ್ಲ. ಆಟಗಳೇ ಆ ಕೆಲಸ ಮಾಡುತ್ತವೆ ಎಂದು ನಂಬಲಾಗಿತ್ತು. ಆದರೆ ಮೂರು ಮಕ್ಕಳನ್ನು ಕರೆದುಕೊಂಡು ದಿನವಿಡೀ ಆಟದಲ್ಲಿ ಸುತ್ತಿ, ದಣಿದು, ಹೊರಡುವ ಹೊತ್ತಿನಲ್ಲಿ ಯಾವ ತಂದೆತಾಯಿ ತಾನೇ ಕೋಟು ಕೊಳ್ಳಲು ಅಂಗಡಿಗೆ ನುಗ್ಗುತ್ತಾರೆ? ಮಂಗಳವಾರ ಬೆಳಿಗ್ಗೆ ಎರಡು ಟವೆಲ್ ಬೇಕಾದ ಗೃಹಿಣಿಯೂ, ರೋಲರ್ ಕೋಸ್ಟರ್ ಸದ್ದಿನ ನಡುವೆ ಹಾದು ಹೋಗಬೇಕಾದ ಸ್ಥಳಕ್ಕೆ ಬಾರದೆ ತನ್ನ ಎಂದಿನ ಮಾಲ್‌ಗೇ ಹೋಗುತ್ತಾಳೆ. ಆಟಕ್ಕೆ ಬರುವವರು ವರ್ಷಕ್ಕೊಮ್ಮೆ ಎರಡು ಬಾರಿ ಬರುತ್ತಾರೆ, ಅಂಗಡಿಗೆ ವಾರವಾರವೂ ಬರುವವರು ಬೇಕು. ಈ ಎರಡು ಬಗೆಯ ಗಿರಾಕಿಗಳು ಒಬ್ಬರೇ ಅಲ್ಲ ಎಂಬುದು ಕಟ್ಟುವಾಗಲೇ ಹೊಳೆಯಬೇಕಾಗಿದ್ದ ಸಂಗತಿ. ಚಿಕ್ಕ ಅಂಗಡಿಗಳು ಒಂದೊಂದಾಗಿ ಖಾಲಿಯಾದವು. ಖಾಲಿ ಅಂಗಡಿಗಳ ಸಾಲನ್ನು ದಾಟಿ ಆಟಕ್ಕೆ ಹೋಗಬೇಕಾದ ಪರಿಸ್ಥಿತಿ ಆಟದ ಉತ್ಸಾಹವನ್ನೂ ತಗ್ಗಿಸಿತು.

ಇದರ ಮೇಲೆ ಬೇರೆ ಹೊಡೆತಗಳೂ ಬಿದ್ದವು. ನಿರ್ಮಾಣದ ಖರ್ಚು ಅಂದಾಜನ್ನು ಬಹಳವಾಗಿ ಮೀರಿದ್ದರಿಂದ ಸಾಲದ ಭಾರ ಮೊದಲ ದಿನದಿಂದಲೇ ಇತ್ತು. ಅದೇ 1975ರಲ್ಲಿ ಹತ್ತಿರದ ಅರೋರ ಎಂಬ ಊರಿನಲ್ಲಿ ದೊಡ್ಡ ಮಳಿಗೆಗಳನ್ನೆಲ್ಲ ಹೊಂದಿದ್ದ ಫಾಕ್ಸ್ ವ್ಯಾಲಿ ಎಂಬ ಮಾಲ್ ತೆರೆಯಿತು. ಮರುವರ್ಷ, 1976ರ ಮೇ ತಿಂಗಳಲ್ಲಿ, ಮ್ಯಾರಿಯಟ್ ಹೋಟೆಲು ಸಂಸ್ಥೆ ಶಿಕಾಗೊದ ಉತ್ತರಕ್ಕೆ ಗರ್ನಿ ಎಂಬಲ್ಲಿ ‘ಗ್ರೇಟ್ ಅಮೆರಿಕ’ ಎಂಬ ವಿಶಾಲವಾದ ಬಯಲು ಉದ್ಯಾನವನ್ನು ಆರಂಭಿಸಿತು. ಒಂದು ಕಡೆ ಅಂಗಡಿಯ ಗಿರಾಕಿಗೆ ಹೆಚ್ಚು ಒಳ್ಳೆಯ ಅಂಗಡಿ, ಇನ್ನೊಂದು ಕಡೆ ಆಟದ ಗಿರಾಕಿಗೆ ಬೇಸಿಗೆಯಲ್ಲಿ ಹೆಚ್ಚು ದೊಡ್ಡ ಆಟ. ಓಲ್ಡ್ ಶಿಕಾಗೊದ ಪಾಲಿಗೆ ಉಳಿದದ್ದು ಚಳಿಗಾಲ ಮಾತ್ರ. ಆ ಚಳಿಗಾಲವೂ ಕೈಹಿಡಿಯಲಿಲ್ಲ. 1979ರ ಜನವರಿಯ ಹಿಮಪಾತ ನಗರವನ್ನು ದಿನಗಟ್ಟಲೆ ಕಟ್ಟಿಹಾಕಿತು. ಬೀದಿಯ ಹಿಮ ತೆಗೆಸಲಾಗದ ಮೇಯರ್ ಮೈಕೆಲ್ ಬಿಲಾಂಡಿಕ್ ಅವರ ಮೇಲೆ ಜನ ಎಷ್ಟು ಸಿಟ್ಟಾದರೆಂದರೆ, ಮರುತಿಂಗಳ ಪಕ್ಷದೊಳಗಿನ ಚುನಾವಣೆಯಲ್ಲಿ ಅವರು ಜೇನ್ ಬರ್ನ್ ಅವರಿಗೆ ಸೋತರು. ಸೂರು ತಲೆಯ ಮೇಲಿನ ಹಿಮವನ್ನು ತಡೆದೀತು, ಆದರೆ 45 ಕಿಲೋಮೀಟರ್ ದಾರಿಯ ಮೇಲಿನ ಹಿಮವನ್ನು ತಡೆಯುವುದೆಂತು? ಅದೇ ವರ್ಷ ಇರಾನಿನ ಕ್ರಾಂತಿಯ ಬಳಿಕ ಪೆಟ್ರೋಲಿನ ಬೆಲೆ ಏರಿ, ಬಂಕುಗಳ ಮುಂದೆ ಸಾಲು ಬೆಳೆಯಿತು. ಹೆದ್ದಾರಿಯನ್ನೇ ನಂಬಿ ಊರಾಚೆ ಕಟ್ಟಿದ ವ್ಯಾಪಾರಕ್ಕೆ ಅದಕ್ಕಿಂತ ಕೆಟ್ಟ ಕಾಲ ಇರಲಾರದು.

ಪ್ರಶ್ನೆ: ಓಲ್ಡ್ ಶಿಕಾಗೊವನ್ನು ‘ಜಗತ್ತಿನ ಮೊದಲ ಒಳಾಂಗಣ ಅಮ್ಯೂಸ್‌ಮೆಂಟ್ ಪಾರ್ಕ್’ ಎಂದು ಓದಿದ್ದೇನೆ. ಇದು ಸರಿಯೇ?
– ವಿದ್ಯಾರ್ಥಿನಿಯೊಬ್ಬರು, ತುಮಕೂರು

ಉತ್ತರ: ‘ಮೊದಲ’ ಎಂಬ ಪದವನ್ನು ಜಾಹೀರಾತುಗಳು ಧಾರಾಳವಾಗಿ ಬಳಸುತ್ತವೆ. ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್ ಕಡಲತೀರದಲ್ಲಿ ಜಾರ್ಜ್ ಟಿಲ್ಯು ಎಂಬವರು 1897ರಲ್ಲಿ ಸ್ಟೀಪಲ್‌ಚೇಸ್ ಎಂಬ ಉದ್ಯಾನವನ್ನು ತೆರೆದಿದ್ದರು. 1907ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಎದೆಗುಂದದ ಟಿಲ್ಯು, ಸುಟ್ಟ ಅವಶೇಷಗಳನ್ನು ನೋಡಲು ಹತ್ತು ಸೆಂಟು ಪ್ರವೇಶಶುಲ್ಕವೆಂದು ಫಲಕ ಹಾಕಿಸಿದರು! ಆಮೇಲೆ ಉಕ್ಕು ಮತ್ತು ಗಾಜಿನಿಂದ ಅಗಾಧವಾದ ಮಂಟಪವೊಂದನ್ನು ಕಟ್ಟಿಸಿ, ಮಳೆ ಬಂದರೂ ನಿಲ್ಲದಂತೆ ಅದರೊಳಗೆ ಆಟಗಳನ್ನು ಹೂಡಿದರು. ಆ ಗಾಜಿನ ಮಂಟಪ 1964ರವರೆಗೂ ಜನರನ್ನು ರಂಜಿಸಿತು. ಬಳಿಕ ಜಾಗವನ್ನು ಕೊಂಡ ಕಟ್ಟಡ ಉದ್ಯಮಿ ಫ್ರೆಡ್ ಟ್ರಂಪ್, 1966ರಲ್ಲಿ ಅದನ್ನು ಕೆಡವಿಸಿದರು. ಕೆಡವುವ ಮುನ್ನ ಅತಿಥಿಗಳನ್ನು ಕರೆದು, ಗಾಜಿನ ಗೋಡೆಗೆ ಇಟ್ಟಿಗೆ ಎಸೆಯಲು ಹಚ್ಚಿದ ಪ್ರಸಂಗ ಕೋನಿ ಐಲ್ಯಾಂಡಿನ ಹಳಬರಿಗೆ ಇಂದಿಗೂ ನೋವಿನ ನೆನಪು. ಓದಿದಾಗ ನನಗೂ ನೋವಾಯಿತು.

ಹಾಗಾಗಿ ಸೂರಿನಡಿಯಲ್ಲಿ ಆಟಗಳನ್ನು ಇಟ್ಟವರಲ್ಲಿ ಓಲ್ಡ್ ಶಿಕಾಗೊ ಮೊದಲನೆಯದಲ್ಲ. ದೊಡ್ಡ ರೋಲರ್ ಕೋಸ್ಟರನ್ನೂ ಒಳಗೊಂಡ ಪೂರ್ಣ ಪ್ರಮಾಣದ ಉದ್ಯಾನವನ್ನು ಶಾಪಿಂಗ್ ಮಾಲಿನೊಡನೆ ಬೆಸೆದು ಒಂದೇ ಕಟ್ಟಡದಲ್ಲಿ ನಿಲ್ಲಿಸಿದ ಮೊದಲ ದೊಡ್ಡ ಪ್ರಯತ್ನ ಎಂದರೆ ಮಾತು ಸರಿಯಾಗುತ್ತದೆ.

ಪ್ರಶ್ನೆ: ಮಾಲಿನೊಳಗಿನ ಅಮ್ಯೂಸ್‌ಮೆಂಟ್ ಪಾರ್ಕ್‌ಗಳು ಬೇರೆ ಕಡೆ ಚೆನ್ನಾಗಿ ನಡೆಯುತ್ತಿವೆಯಲ್ಲ? ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗಲಿಲ್ಲ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ನನ್ನ ವಾದಕ್ಕೆ ಬೇಕಾದ ಸಾಕ್ಷ್ಯವಿದೆ. ಕೆನಡಾದ ಎಡ್ಮಂಟನ್ ನಗರದ ಚಳಿಗಾಲ ಶಿಕಾಗೊದ್ದಕ್ಕಿಂತಲೂ ಕಠಿಣ. ಅಲ್ಲಿನ ವೆಸ್ಟ್ ಎಡ್ಮಂಟನ್ ಮಾಲ್ 1981ರಲ್ಲಿ ಮೊದಲು ಅಂಗಡಿಗಳ ಮಾಲ್ ಆಗಿಯೇ ಆರಂಭವಾಯಿತು. ದೊಡ್ಡ ಮಳಿಗೆಗಳು ನೆಲೆಯೂರಿದ ಮೇಲೆ, 1983ರಲ್ಲಿ, ಒಳಾಂಗಣ ಉದ್ಯಾನವನ್ನು ಸೇರಿಸಲಾಯಿತು. ಅಲ್ಲಿಯೂ ಕಷ್ಟಗಳಿಲ್ಲದಿರಲಿಲ್ಲ: 1986ರ ಜೂನ್ 14ರಂದು ‘ಮೈಂಡ್‌ಬೆಂಡರ್’ ಎಂಬ ರೋಲರ್ ಕೋಸ್ಟರ್ ಹಳಿ ತಪ್ಪಿ ಮೂವರು ಸತ್ತರು. ಅಂಥ ದುರಂತವನ್ನೂ ತಾಳಿಕೊಂಡು ಉದ್ಯಾನ ಉಳಿದುಕೊಂಡಿತು. ಅದನ್ನು ಕಟ್ಟಿದ ಗೆರ್ಮೇಜಿಯನ್ ಸಹೋದರರೇ ಮುಂದೆ ಮಿನೆಸೋಟದ ಬ್ಲೂಮಿಂಗ್‌ಟನ್‌ನಲ್ಲಿ ಮಾಲ್ ಆಫ್ ಅಮೆರಿಕ ಯೋಜನೆಯನ್ನು ಕೈಗೆತ್ತಿಕೊಂಡರು. 1992ರಲ್ಲಿ ತೆರೆದ ಆ ಮಾಲಿನ ನಡುವೆಯೂ ಆಟಗಳೇ ಇವೆ, ಓಲ್ಡ್ ಶಿಕಾಗೊದಂತೆಯೇ. ಆದರೆ ನಾಲ್ಕು ಮೂಲೆಗಳಲ್ಲಿ ಮೇಸೀಸ್, ಬ್ಲೂಮಿಂಗ್‌ಡೇಲ್ಸ್, ನಾರ್ಡ್‌ಸ್ಟ್ರಾಮ್, ಸಿಯರ್ಸ್ ಎಂಬ ನಾಲ್ಕು ದೊಡ್ಡ ಮಳಿಗೆಗಳನ್ನು ಮೊದಲೇ ನಿಲ್ಲಿಸಿಕೊಂಡಿದ್ದರು. ನಕ್ಷೆ ಹೆಚ್ಚುಕಡಿಮೆ ಅದೇ. ಕಂಬಗಳು ಮಾತ್ರ ಬೇರೆ.

ದಕ್ಷಿಣದ ಅಟ್ಲಾಂಟದಲ್ಲಿ ನಡೆದದ್ದನ್ನೂ ಹೇಳಬೇಕು, ಏಕೆಂದರೆ ಅದು ಓಲ್ಡ್ ಶಿಕಾಗೊಗಿಂತ ಬೇಗ ಅಳಿಯಿತು. ಅಮೆರಿಕದ ಟೆಲಿವಿಷನ್‌ನಲ್ಲಿ ಬೊಂಬೆಯಾಟದ ಕಾರ್ಯಕ್ರಮಗಳಿಂದ ಹೆಸರಾಗಿದ್ದ ಸಿಡ್ ಮತ್ತು ಮಾರ್ಟಿ ಕ್ರಾಫ್ಟ್ ಸಹೋದರರ ಹೆಸರಿನಲ್ಲಿ, ಓಮ್ನಿ ಎಂಬ ಕಟ್ಟಡ ಸಮುಚ್ಚಯದೊಳಗೆ, 1976ರ ಮೇ ತಿಂಗಳಲ್ಲಿ ಒಳಾಂಗಣ ಉದ್ಯಾನವೊಂದು ತೆರೆಯಿತು. ಎಂಟು ಅಂತಸ್ತಿನ ಎತ್ತರಕ್ಕೆ ಒಂದೇ ಏಣಿಯಂತೆ ಏರುವ ಎಸ್ಕಲೇಟರ್ ಹತ್ತಿ ಮೇಲಕ್ಕೆ ಹೋಗಿ, ಮಹಡಿ ಮಹಡಿಯ ಆಟಗಳನ್ನು ನೋಡುತ್ತ ಕೆಳಗಿಳಿಯುವ ಏರ್ಪಾಡು ಅದು. ನೋಡುವುದು ಕೆಲವೇ ಗಂಟೆಗಳಲ್ಲಿ ಮುಗಿಯುತ್ತಿತ್ತು. ಆಗಿನ ಅಟ್ಲಾಂಟದ ನಗರಮಧ್ಯಕ್ಕೆ ಮಕ್ಕಳನ್ನು ಕರೆತರಲು ಉಪನಗರದ ಸಂಸಾರಗಳು ಹಿಂಜರಿಯುತ್ತಿದ್ದವು. ಆರು ತಿಂಗಳು ತುಂಬುವಷ್ಟರಲ್ಲಿ, ನವೆಂಬರ್‌ನಲ್ಲಿ, ಬಾಗಿಲು ಹಾಕಿತು. 1987ರಲ್ಲಿ ಆ ಕಟ್ಟಡಕ್ಕೆ ಸಿ.ಎನ್.ಎನ್. ಸುದ್ದಿವಾಹಿನಿ ತನ್ನ ಕೇಂದ್ರ ಕಚೇರಿಯನ್ನು ತಂದಿತು. ವಾಹಿನಿಯ ಸ್ಟುಡಿಯೊ ನೋಡಲು ಬಂದವರು ಬಹಳ ವರ್ಷ ಅದೇ ಎಸ್ಕಲೇಟರ್ ಹತ್ತಿಯೇ ಮೇಲೆ ಹೋಗುತ್ತಿದ್ದರು.

ಪ್ರಶ್ನೆ: ನಾವು ಈಗ ಬೋಲಿಂಗ್‌ಬ್ರೂಕ್ ಪಕ್ಕದ ನೇಪರ್‌ವಿಲ್‌ನಲ್ಲಿ ವಾಸವಾಗಿದ್ದೇವೆ. ಓಲ್ಡ್ ಶಿಕಾಗೊದ ಗುರುತು ಏನಾದರೂ ಉಳಿದಿದೆಯೇ? ಆ ಆಟಗಳೆಲ್ಲ ಎಲ್ಲಿಗೆ ಹೋದವು?
– ಕನ್ನಡ ದಂಪತಿ, ನೇಪರ್‌ವಿಲ್

ಉತ್ತರ: ಕಟ್ಟಡ ನಿಂತಿದ್ದ ಜಾಗದಲ್ಲಿ ನೋಡುವಂಥದ್ದೇನೂ ಉಳಿದಿಲ್ಲ. ಆಟ ನಿಂತ ಮೇಲೆ ಆರು ವರ್ಷ ಕಟ್ಟಡ ನಿಂತಿತ್ತು. ಗೋಡೆಗಳಲ್ಲಿ ಕಿಟಕಿಯಿಲ್ಲದ, ನಡುವೆ ಗುಮ್ಮಟವಿರುವ 11 ಎಕರೆಯ ಕಟ್ಟಡವನ್ನು ಬೇರೆ ಯಾವ ಕೆಲಸಕ್ಕೂ ಸುಲಭವಾಗಿ ಒಗ್ಗಿಸಲಾಗದು. ಅದರ ಒಳಗೆ ಏನು ನಡೆಯಬೇಕೋ ಅದಕ್ಕಾಗಿಯೇ ಅದನ್ನು ಕಟ್ಟಿದ್ದರು. 1986ರಲ್ಲಿ ಕೆಡವಿದ ಬಳಿಕ ಆ ಜಾಗ ಕಾರುಗಳ ಹರಾಜು ಕಟ್ಟೆಯಾಯಿತು. ಒಳಾಂಗಣ ಹೇಗಿತ್ತೆಂದು ಕಣ್ಣಾರೆ ನೋಡುವ ಆಸೆಯಿದ್ದರೆ ಒಂದು ದಾರಿಯಿದೆ: ಬ್ರಯಾನ್ ಡಿ ಪಾಮಾ ನಿರ್ದೇಶಿಸಿದ, 1978ರಲ್ಲಿ ತೆರೆಕಂಡ ‘ದಿ ಫ್ಯೂರಿ’ ಎಂಬ ಚಿತ್ರದ ಕೆಲವು ದೃಶ್ಯಗಳನ್ನು ಅಲ್ಲಿಯೇ, ಆಟಗಳು ತಿರುಗುತ್ತಿದ್ದಾಗಲೇ ಚಿತ್ರೀಕರಿಸಲಾಗಿದೆ. ಚಿತ್ರ ಮಾತ್ರ ಮಕ್ಕಳೊಡನೆ ನೋಡತಕ್ಕದ್ದಲ್ಲ.

ಕಟ್ಟಡಕ್ಕಿಂತ ಯಂತ್ರ ಹೆಚ್ಚು ಕಾಲ ಬಾಳಿತು ಎಂಬುದು ಈ ಇತಿಹಾಸದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಭಾಗ. ಶಿಕಾಗೊ ಲೂಪ್ ಅನ್ನು ತಯಾರಿಸಿದ್ದು ಕ್ಯಾಲಿಫೋರ್ನಿಯದ ಆ್ಯರೋ ಎಂಬ ಸಂಸ್ಥೆ. ಡಿಸ್ನಿಲ್ಯಾಂಡಿನಲ್ಲಿ 1959ರಲ್ಲಿ ಮ್ಯಾಟರ್‌ಹಾರ್ನ್ ಎಂಬ ಆಟಕ್ಕಾಗಿ ಟೊಳ್ಳು ಉಕ್ಕಿನ ಕೊಳವೆಗಳನ್ನೇ ಹಳಿಯಾಗಿಸುವ ವಿಧಾನವನ್ನು ರೂಪಿಸಿದವರು ಇವರೇ. ಕೊಳವೆಯನ್ನು ಬೇಕಾದತ್ತ ಬಾಗಿಸಬಹುದು, ಚಕ್ರಗಳು ಅದನ್ನು ಮೇಲಿನಿಂದಲೂ ಕೆಳಗಿನಿಂದಲೂ ಪಕ್ಕದಿಂದಲೂ ಹಿಡಿದುಕೊಳ್ಳಬಹುದು. ಆದ್ದರಿಂದಲೇ ಬಂಡಿ ತಲೆಕೆಳಗಾದರೂ ಹಳಿ ಬಿಡುವುದಿಲ್ಲ. ಬಾಟಲಿಯ ಬಿರಡೆ ಕೀಳುವ ತಿರುಪಿನ ಆಕಾರದಲ್ಲಿ ಹಳಿಯನ್ನು ಎರಡು ಸುತ್ತು ಸುತ್ತಿಸಿದ ‘ಕಾರ್ಕ್‌ಸ್ಕ್ರೂ’ ಮಾದರಿಯನ್ನು ಅವರು ಕ್ಯಾಲಿಫೋರ್ನಿಯದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ ಮೊದಲು ತೆರೆದದ್ದು 1975ರಲ್ಲಿ. ಓಲ್ಡ್ ಶಿಕಾಗೊಗೆ ಬಂದದ್ದು ಅದೇ ಮಾದರಿಯ, ಅದೇ ವರ್ಷದ ಯಂತ್ರ. ಸುಮಾರು 70 ಅಡಿ ಎತ್ತರಕ್ಕೆ ಸರಪಳಿ ಬಂಡಿಯನ್ನು ಎಳೆದು ಬಿಡುತ್ತದೆ, ಅಲ್ಲಿಂದಾಚೆಗೆ ಮೋಟಾರಿನ ಕೆಲಸವಿಲ್ಲ, ಗುರುತ್ವಾಕರ್ಷಣೆಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ.

ಇಂಥ ಹಳಿ ತುಂಡುತುಂಡಾಗಿ ತಯಾರಾಗಿ ಬೋಲ್ಟುಗಳಿಂದ ಜೋಡಣೆಯಾಗುವುದರಿಂದ ಬಿಚ್ಚಿ ಬೇರೆಡೆಗೆ ಸಾಗಿಸಲು ಬರುತ್ತದೆ. ಓಲ್ಡ್ ಶಿಕಾಗೊ ಮುಚ್ಚಿದ ಮೇಲೆ ಶಿಕಾಗೊ ಲೂಪ್ ಮೊದಲು ದಕ್ಷಿಣದ ಅಲಬಾಮ ರಾಜ್ಯದ ಜಾತ್ರೆಯ ಮೈದಾನಕ್ಕೆ ಹೋಯಿತು. ಅಲ್ಲಿಂದ 1987ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಸೇಲಂ ಎಂಬಲ್ಲಿರುವ ಕೆನೋಬಿ ಲೇಕ್ ಪಾರ್ಕ್ ಸೇರಿತು. ಸೂರಿನ ಕೆಳಗೆ ಐದು ವರ್ಷ ಓಡಿದ್ದ ಆ ಬಂಡಿ, ಮಳೆ ಬಿಸಿಲಿಗೆ ಮೈಯೊಡ್ಡಿ ಅಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರನ್ನು ಹೊತ್ತು ತಿರುಗಿತು. 2021ರಲ್ಲಿ ಅದನ್ನೂ ನಿಲ್ಲಿಸಿದರು.

ಆದರೂ ನಿರಾಶರಾಗಬೇಡಿ. ನಾಟ್ಸ್ ಬೆರಿ ಫಾರ್ಮ್‌ನ ಮೂಲ ಕಾರ್ಕ್‌ಸ್ಕ್ರೂ, ಎಂದರೆ ಶಿಕಾಗೊ ಲೂಪ್‌ನ ಅಕ್ಕ, 1990ರಲ್ಲಿ ಐಡಹೊ ರಾಜ್ಯದ ಸಿಲ್ವರ್‌ವುಡ್ ಎಂಬ ಉದ್ಯಾನಕ್ಕೆ ವರ್ಗವಾಯಿತು. ಧಾರವಾಡದ ಓದುಗರ ಮಾವನವರು ಆ ಕಾರ್ಡು ಬರೆದ ದಿನ ಯಾವ ಆಟದಲ್ಲಿ ಕುಳಿತಿದ್ದರೋ ಹೇಳಲಾರೆವು. ಶಿಕಾಗೊ ಲೂಪ್‌ನಲ್ಲಿ ಕುಳಿತಿದ್ದರೆ, ಅವರನ್ನು ತಲೆಕೆಳಗಾಗಿಸಿದ ಅದೇ ಎರಡು ತಿರುವುಗಳನ್ನು ನೀವು ಬೇಸಿಗೆಯ ರಜೆಯಲ್ಲಿ ಪಶ್ಚಿಮದತ್ತ ಹೊರಟಾಗ ಸಿಲ್ವರ್‌ವುಡ್‌ನಲ್ಲಿ ಹಾದು ಬರಬಹುದು.